ಟರ್ಮಿನಲ್ ಹಿಸ್ಟರಿ ಅಳಿಸುವುದು ಹೇಗೆ: ಬ್ಯಾಷ್, ಝಡ್‌ಶೆಲ್, ಫಿಶ್, ಪವರ್‌ಶೆಲ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಸಲ ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ಟರ್ಮಿನಲ್‌ನಿಂದಲೇ ದೂರದ ಕಂಪ್ಯೂಟರ್ ಸೇರುವ ದಾರಿ) ಲಾಗಿನ್ ಆಗುತ್ತಿದ್ದೆ. ಪಾಸ್‌ವರ್ಡ್ ಕೇಳುತ್ತದೆ ಅಂತ ಕೈ ತನ್ನ ಪಾಡಿಗೆ ಟೈಪ್ ಮಾಡಿ ಎಂಟರ್ ಒತ್ತಿಬಿಟ್ಟಿತು. ಆದರೆ ಆ ಸರ್ವರ್‌ನಲ್ಲಿ ನನ್ನ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ಹೇಳುವ ಫೈಲ್) ಮೊದಲೇ ಹಾಕಿದ್ದರಿಂದ ಅದು ಪಾಸ್‌ವರ್ಡ್ ಕೇಳಲೇ ಇಲ್ಲ, ನೇರವಾಗಿ ಒಳಗೆ ಬಿಟ್ಟಿತ್ತು. ಪಾಸ್‌ವರ್ಡ್ ಹೋಗಿ ಪ್ರಾಂಪ್ಟ್ ಮುಂದೆ ಬಿತ್ತು. 'ಕಮಾಂಡ್ ನಾಟ್ ಫೌಂಡ್' ಅಂತ ಬಂತು. 'ಕ್ಲಿಯರ್' ಕೊಟ್ಟೆ, ಪರದೆ ಖಾಲಿಯಾಯಿತು, ಅಷ್ಟಕ್ಕೇ ಬಿಟ್ಟೆ. ಮೂರು ದಿನ ಬಿಟ್ಟು ಸ್ಕ್ರೀನ್ ಶೇರ್ ಮಾಡಿಕೊಂಡು ಜೊತೆಗಿದ್ದವರಿಗೆ ಅದೇ ಸರ್ವರ್‌ನಲ್ಲಿ ಏನೋ ತೋರಿಸುತ್ತಿದ್ದೆ. ಹಳೇ ಕಮಾಂಡ್ ಒಂದು ಬೇಕಿತ್ತು, ಮೇಲಿನ ಬಾಣದ ಕೀ ನಾಲ್ಕು ಸಲ ಒತ್ತಿದೆ. ಪಾಸ್‌ವರ್ಡ್ ಒಂದಕ್ಷರ ಬಿಡದೆ ಎಲ್ಲರ ಪರದೆ ಮೇಲೂ ಬಂದು ನಿಂತಿತು.

ಹಾಗಾಗಿ ಮೊದಲು ಇದೊಂದು ತಿಳಿದುಕೊಳ್ಳಿ. 'ಕ್ಲಿಯರ್' ಕೊಡುವುದು, ಕಂಟ್ರೋಲ್ ಮತ್ತು ಎಲ್ ಒತ್ತುವುದು, ಇವೆರಡೂ ಪರದೆ ಒರೆಸುತ್ತವೆ, ಅಷ್ಟೇ. ಹಿಸ್ಟರಿಯನ್ನು, ಅಂದರೆ ನೀವು ಈವರೆಗೆ ಕೊಟ್ಟ ಕಮಾಂಡ್‌ಗಳ ಪಟ್ಟಿಯನ್ನು, ಮುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳಿದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಬೇರೆ ಹೇಳುತ್ತೇನೆ. ಚುಕ್ಕೆ, ಅಡ್ಡಗೆರೆ, ಡಾಲರ್ ಗುರುತುಗಳೆಲ್ಲ ಕಂಡ ಹಾಗೇ ಹಾಕಿ.

ಅಳಿಸುವ ಮೊದಲು ಪಾಸ್‌ವರ್ಡ್ ಬದಲಿಸಿ

ಹಿಸ್ಟರಿಯಲ್ಲಿ ಪಾಸ್‌ವರ್ಡ್, ಟೋಕನ್, ಎಪಿಐ ಕೀ (ಪ್ರೋಗ್ರಾಂಗಳು ಪಾಸ್‌ವರ್ಡ್‌ನಂತೆ ಬಳಸುವ ಗುಟ್ಟಿನ ಕೋಡ್) ಇಂಥದ್ದೇನಾದರೂ ಸೇರಿಕೊಂಡಿದ್ದರೆ ಅಳಿಸುವ ಕೆಲಸ ಆಮೇಲೆ. ಮೊದಲು ಆ ಪಾಸ್‌ವರ್ಡ್ ಬದಲಿಸಿ, ಕೀ ಆಗಿದ್ದರೆ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ. ಯಾಕೆ ಅಂದರೆ ಹಿಸ್ಟರಿ ಫೈಲ್ ಅನ್ನುವುದು ಅದು ಉಳಿಯುವ ಜಾಗಗಳಲ್ಲಿ ಒಂದು ಮಾತ್ರ. ರಾತ್ರಿ ಬ್ಯಾಕಪ್ ಓಡಿದ್ದರೆ ಅದರಲ್ಲೂ ಒಂದು ಪ್ರತಿ ಇರುತ್ತದೆ. ಕಮಾಂಡ್‌ನ ಶುರುವಿಗೆ 'ಸುಡೊ' (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಪದ) ಹಾಕಿದ್ದರೆ ಅದು ಪೂರ್ತಿ ಸಾಲನ್ನು ಸಿಸ್ಟಮ್ ಲಾಗ್‌ನಲ್ಲಿ ಬರೆದಿಡುತ್ತದೆ. ಆ ಲಾಗ್ ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ /ವರ್/ಲಾಗ್ ಒಳಗಿನ ಆಥ್.ಲಾಗ್ ಫೈಲ್, ರೆಡ್‌ಹ್ಯಾಟ್ ಕಡೆಯವುಗಳಲ್ಲಿ ಅದೇ ಫೋಲ್ಡರ್‌ನ ಸೆಕ್ಯೂರ್ ಅನ್ನುವ ಫೈಲ್. ಇವನ್ನೆಲ್ಲ ಬೆನ್ನಟ್ಟಿ ಒರೆಸುತ್ತಾ ಕೂರುವುದಕ್ಕಿಂತ ಪಾಸ್‌ವರ್ಡ್ ಬದಲಿಸುವುದು ಎರಡು ನಿಮಿಷದ ಕೆಲಸ. ಬದಲಿಸಿದ ಮೇಲೆ ಹಿಸ್ಟರಿಯಲ್ಲಿ ಉಳಿದಿರುವುದು ಯಾವ ಬೀಗಕ್ಕೂ ಆಗದ ಹಳೇ ಬೀಗದ ಕೈ.

ಆಫೀಸಿನ ಸರ್ವರ್ ಆದರೆ ಇನ್ನೂ ಒಂದು ಎಚ್ಚರ. ಅಲ್ಲಿ ಇಡೀ ಹಿಸ್ಟರಿ ಅಳಿಸಬೇಡಿ, ಲಾಗ್‌ಗಳಿಗಂತೂ ಕೈ ಹಾಕಲೇಬೇಡಿ. ಏನೋ ಮುಚ್ಚಿಡುತ್ತಿದ್ದಾರೆ ಅಂತ ಬೇರೆಯವರಿಗೆ ಕಾಣುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಆದದ್ದನ್ನು ಹೇಳಿ, ಅವರು ಒಪ್ಪಿದರೆ ಆ ಒಂದು ಸಾಲು ತೆಗೆಯಿರಿ.

ಹಿಸ್ಟರಿ ಎರಡು ಕಡೆ ಇರುತ್ತದೆ

ಅಳಿಸಿದ್ದು ಮತ್ತೆ ಬಂತು ಅಂತ ಹೇಳುವವರೆಲ್ಲ ಇಲ್ಲೇ ಎಡವುವುದು. ದಿನಸಿ ಅಂಗಡಿಯಲ್ಲಿ ನೋಡಿದ್ದೀರಲ್ಲ, ದಿನವಿಡೀ ಸಾಲ ಕೊಟ್ಟದ್ದನ್ನು ಚೀಟಿಯಲ್ಲಿ ಗೀಚಿಕೊಂಡು, ರಾತ್ರಿ ಬಾಗಿಲು ಹಾಕುವಾಗ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂಗೆ ಶೆಲ್ ಅನ್ನುತ್ತಾರೆ. ಅಂಥದ್ದರಲ್ಲಿ ಒಂದಾದ ಬ್ಯಾಷ್ ಮಾಡುವುದೂ ಅದನ್ನೇ. ನೀವು ಟೈಪ್ ಮಾಡಿದ ಕಮಾಂಡ್‌ಗಳು ಮೊದಲು ಆ ವಿಂಡೋದ ಮೆಮೊರಿಯಲ್ಲಿರುತ್ತವೆ. ವಿಂಡೋ ಮುಚ್ಚುವಾಗ ಫೈಲ್‌ಗೆ ಹೋಗುತ್ತವೆ. ಫೈಲ್ ಇರುವುದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಹೆಸರು `.ಬ್ಯಾಷ್_ಹಿಸ್ಟರಿ`. ಚುಕ್ಕೆಯಿಂದ ಶುರುವಾಗುವ ಹೆಸರು, ಅದಕ್ಕೇ ಸುಮ್ನೆ ನೋಡಿದರೆ ಕಾಣುವುದಿಲ್ಲ.

ಈಗ ನೀವು ಫೈಲ್ ಮಾತ್ರ ಡಿಲೀಟ್ ಮಾಡಿದಿರಿ ಅನ್ನಿ. ಪುಸ್ತಕದ ಹಾಳೆ ಹರಿದಿರಿ, ಚೀಟಿ ಜೇಬಲ್ಲೇ ಉಳಿಯಿತು. ವಿಂಡೋ ಮುಚ್ಚಿದ ಕ್ಷಣ ಹೊಸ ಫೈಲ್ ಹುಟ್ಟಿ, ಆ ವಿಂಡೋದಲ್ಲಿ ಟೈಪ್ ಮಾಡಿದ್ದೆಲ್ಲ ಅದರಲ್ಲಿ ಬಂದು ಕೂರುತ್ತದೆ. ಮೆಮೊರಿ ಮಾತ್ರ ಖಾಲಿ ಮಾಡಿದಿರಿ ಅನ್ನಿ, ಫೈಲ್ ಹಾಗೇ ಇರುತ್ತದೆ, ಮುಂದಿನ ವಿಂಡೋ ತೆರೆದ ಕೂಡಲೇ ಎಲ್ಲ ವಾಪಸ್. ಎರಡನ್ನೂ, ಸರಿಯಾದ ಕ್ರಮದಲ್ಲಿ ತೆಗೆಯಬೇಕು. ನಾಲ್ಕು ವಿಂಡೋ ತೆರೆದಿದ್ದರೆ ನಾಲ್ಕು ಚೀಟಿ ಇವೆ ಅಂತಲೂ ನೆನಪಿರಲಿ. ಟಿಮಕ್ಸ್ (ಒಂದೇ ಟರ್ಮಿನಲ್ ವಿಂಡೋವನ್ನು ಹಲವು ಭಾಗ ಮಾಡುವ ಪ್ರೋಗ್ರಾಂ) ಬಳಸುವವರಿಗೆ ಅದರ ಒಂದೊಂದು ಪೇನ್, ಅಂದರೆ ಭಾಗ, ಕೂಡ ಬೇರೆ ಬೇರೆ ಚೀಟಿ.

ನಿಮ್ಮದು ಯಾವ ಶೆಲ್ ಅಂತ ಗೊತ್ತಿಲ್ಲದಿದ್ದರೆ `ಎಕೋ $0` ಕೊಡಿ. ಬ್ಯಾಷ್ ಅಥವಾ ಝಡ್‌ಎಸ್‌ಎಚ್ (ಅದೇ ಝಡ್‌ಶೆಲ್) ಅಂತ ಬರುತ್ತದೆ. ಫಿಶ್ ಆದರೆ ಈ ಕಮಾಂಡೇ ತಪ್ಪು ಅನ್ನುತ್ತದೆ, ಅಲ್ಲಿಗೆ ಫಿಶ್ ಅಂತ ಗೊತ್ತಾಯಿತು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಬ್ಯಾಷ್ ಇರುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ ಹೊಸ ಬಳಕೆದಾರರಿಗೆ ಸಿಗುವುದು ಝಡ್‌ಶೆಲ್.

ಬ್ಯಾಷ್‌ನಲ್ಲಿ ಪೂರ್ತಿ ಅಳಿಸುವುದು

ಮೊದಲು ತೆರೆದಿರುವ ಎಲ್ಲಾ ಟರ್ಮಿನಲ್ ವಿಂಡೋ, ಟ್ಯಾಬ್ ಮುಚ್ಚಿ. ಚೀಟಿಗಳಲ್ಲಿ ಇದ್ದದ್ದೆಲ್ಲ ಪುಸ್ತಕಕ್ಕೆ ಹೋಗಲಿ. ಈಗ ಒಂದೇ ಒಂದು ಹೊಸ ವಿಂಡೋ ತೆರೆದು ಇದನ್ನು ಒಂದೇ ಸಾಲಿನಲ್ಲಿ ಕೊಡಿ:

`ಹಿಸ್ಟರಿ -ಸಿ && ಹಿಸ್ಟರಿ -ಡಬ್ಲ್ಯೂ`

ಮೊದಲ ಅರ್ಧ ಮೆಮೊರಿ ಖಾಲಿ ಮಾಡುತ್ತದೆ. ಎರಡನೇ ಅರ್ಧ ಮೆಮೊರಿಯಲ್ಲಿ ಏನಿದೆಯೋ ಅದನ್ನು ಫೈಲ್ ಮೇಲೆ ಬರೆಯುತ್ತದೆ. ಮೆಮೊರಿ ಖಾಲಿ ಇರುವುದರಿಂದ ಫೈಲ್ ಕೂಡ ಖಾಲಿಯಾಗುತ್ತದೆ. ಒಂದೇ ಸಾಲಿನಲ್ಲಿ ಕೊಡಿ ಅಂದದ್ದಕ್ಕೂ ಕಾರಣ ಇದೆ. ಬೇರೆ ಬೇರೆ ಕೊಟ್ಟರೆ ಎರಡನೇ ಕಮಾಂಡ್ ತಾನೇ ಹಿಸ್ಟರಿಗೆ ಸೇರಿಕೊಂಡು ಫೈಲ್‌ನ ಮೊದಲ ಸಾಲಾಗಿ ಕೂರುತ್ತದೆ. ತೊಂದರೆ ಏನಿಲ್ಲ, ಆದರೆ ಪೂರ್ತಿ ಖಾಲಿ ಆಗಿಲ್ಲವಲ್ಲ ಅಂತ ಗಾಬರಿಯಾಗುತ್ತದೆ.

ಖಾಲಿಯಾಗಿದೆಯೇ ಅಂತ ಕಣ್ಣಾರೆ ನೋಡಿ: `ಎಲ್ಎಸ್ -ಎಲ್ ~/.ಬ್ಯಾಷ್_ಹಿಸ್ಟರಿ`. ಅಳತೆಯ ಜಾಗದಲ್ಲಿ 0 ಇರಬೇಕು.

ಹೀಗೆ ಮಾಡಿದ್ದು ಆ ಕಂಪ್ಯೂಟರ್‌ನ ಆ ಒಬ್ಬ ಬಳಕೆದಾರನ ಹಿಸ್ಟರಿಗೆ ಮಾತ್ರ. 'ಸುಡೊ -ಐ' ಕೊಟ್ಟು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕೆಲಸ ಮಾಡಿದ್ದರೆ ರೂಟ್‌ನದು ಬೇರೆ ಫೈಲ್, /ರೂಟ್ ಫೋಲ್ಡರ್ ಒಳಗೆ. ಸರ್ವರ್‌ಗೆ ಲಾಗಿನ್ ಆಗಿ ಟೈಪ್ ಮಾಡಿದ್ದು ಸರ್ವರ್‌ನಲ್ಲೇ ಇರುತ್ತದೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬ್ಯಾಷ್‌ನಲ್ಲಿ ಒಂದೇ ಸಾಲು ತೆಗೆಯುವುದು

ನಿಜ ಹೇಳಬೇಕೆಂದರೆ ಇಡೀ ಹಿಸ್ಟರಿ ಅಳಿಸುವುದು ನನಗೆ ಇಷ್ಟವಿಲ್ಲ. ಆರು ತಿಂಗಳ ಹಿಂದೆ ಒದ್ದಾಡಿ ಕಂಡುಕೊಂಡ ಉದ್ದನೆಯ ಕಮಾಂಡ್ ಅದರಲ್ಲೇ ಇರುತ್ತದೆ, ಕಂಟ್ರೋಲ್ ಮತ್ತು ಆರ್ ಒತ್ತಿ ಹುಡುಕಿದರೆ ಸಿಗುತ್ತದೆ. ಒಂದು ಸಾಲು ಕೆಟ್ಟಿತು ಅಂತ ಅದನ್ನೆಲ್ಲ ಕಳೆದುಕೊಳ್ಳುವುದು ಯಾಕೆ? ಹುಳ ಬಿದ್ದ ಕಾಳು ಆರಿಸಿದ ಹಾಗೆ ಆ ಸಾಲು ಮಾತ್ರ ತೆಗೆಯಿರಿ.

ಎಲ್ಲರೂ ಹೇಳುವ ದಾರಿ ಇದು. `ಹಿಸ್ಟರಿ` ಕೊಟ್ಟರೆ ಪ್ರತಿ ಸಾಲಿನ ಪಕ್ಕ ನಂಬರ್ ಬರುತ್ತದೆ. ಬೇಡದ ಸಾಲು 412 ಆದರೆ `ಹಿಸ್ಟರಿ -ಡಿ 412`, ಆಮೇಲೆ `ಹಿಸ್ಟರಿ -ಡಬ್ಲ್ಯೂ`. ಎರಡು ಮೂರು ಸಾಲು ತೆಗೆಯಬೇಕಿದ್ದರೆ ದೊಡ್ಡ ನಂಬರ್‌ನಿಂದ ಚಿಕ್ಕದಕ್ಕೆ ಬನ್ನಿ. 412 ಹೋದ ಮೇಲೆ 413 ಇದ್ದದ್ದು 412 ಆಗುತ್ತದೆ, ಮೇಲಿಂದ ಕೆಳಗೆ ಹೋದರೆ ಯಾವುದನ್ನೋ ತೆಗೆಯಲು ಹೋಗಿ ಇನ್ಯಾವುದನ್ನೋ ತೆಗೆಯುತ್ತೀರಿ. ಬ್ಯಾಷ್ 5.0 ಅಥವಾ ಅದಕ್ಕಿಂತ ಹೊಸದಾದರೆ `ಹಿಸ್ಟರಿ -ಡಿ 410-415` ಅಂತ ಒಟ್ಟಿಗೇ ಕೊಡಬಹುದು.

ಆದರೆ ಈ ದಾರಿಯಲ್ಲಿ ಒಂದು ಗುಂಡಿ ಇದೆ. ಉಬುಂಟುವಿನಲ್ಲಿ ಮೊದಲಿಂದ ಇರುವ ಸೆಟ್ಟಿಂಗ್ ಪ್ರಕಾರ ಮೆಮೊರಿಯಲ್ಲಿ 1000 ಕಮಾಂಡ್, ಫೈಲ್‌ನಲ್ಲಿ 2000 ಸಾಲು ಇರಬಹುದು. ಅಂದರೆ ಫೈಲ್‌ನ ಹಳೇ ಭಾಗ 'ಹಿಸ್ಟರಿ' ಕೊಟ್ಟರೆ ಕಾಣುವುದೇ ಇಲ್ಲ. ಪಾಸ್‌ವರ್ಡ್ ಆ ಹಳೇ ಭಾಗದಲ್ಲಿದ್ದರೆ 'ಇಲ್ಲಿ ಕಾಣುತ್ತಿಲ್ಲ, ಸದ್ಯ ಬದುಕಿದೆ' ಅಂದುಕೊಳ್ಳುತ್ತೀರಿ. ಅದಲ್ಲದೆ -ಡಬ್ಲ್ಯೂ ಕೊಟ್ಟಾಗ ಮೆಮೊರಿಯ 1000 ಮಾತ್ರ ಫೈಲ್‌ಗೆ ಹೋಗಿ ಹಳೇದೆಲ್ಲ ಕಳೆದುಹೋಗುತ್ತದೆ.

ಅದಕ್ಕೇ ನಾನು ನ್ಯಾನೋ ಅನ್ನುವ ಟರ್ಮಿನಲ್ ಎಡಿಟರ್‌ನಲ್ಲಿ ನೇರವಾಗಿ ಫೈಲ್ ತೆರೆದು ಸಾಲು ತೆಗೆಯುತ್ತೇನೆ. ಮೊದಲಿನ ಹಾಗೇ ಎಲ್ಲಾ ವಿಂಡೋ ಮುಚ್ಚಿ ಒಂದು ಹೊಸದು ತೆರೆಯಿರಿ. ಆಮೇಲೆ:

`ನ್ಯಾನೋ ~/.ಬ್ಯಾಷ್_ಹಿಸ್ಟರಿ`

ಕಂಟ್ರೋಲ್ ಜೊತೆ ಡಬ್ಲ್ಯೂ ಒತ್ತಿದರೆ ಹುಡುಕುವ ಜಾಗ ಬರುತ್ತದೆ. ಸಾಲು ಸಿಕ್ಕಿದ ಮೇಲೆ ಕರ್ಸರ್ ಅದರ ಮೇಲಿಟ್ಟು ಕಂಟ್ರೋಲ್ ಮತ್ತು ಕೆ ಒತ್ತಿ, ಸಾಲು ಹೋಗುತ್ತದೆ. ಅದೇ ಪಾಸ್‌ವರ್ಡ್ ಇನ್ನೆಲ್ಲಾದರೂ ಇದೆಯೇ ಅಂತ ಇನ್ನೊಮ್ಮೆ ಹುಡುಕಿ, ಒಂದೇ ಕಡೆ ಇರುತ್ತದೆ ಅಂತ ನಂಬಬೇಡಿ. ಕೆಲವರ ಫೈಲ್‌ನಲ್ಲಿ ಪ್ರತಿ ಕಮಾಂಡ್ ಮೇಲೆ # ಗುರುತು ಹಾಕಿ ಹತ್ತು ಅಂಕಿಯ ಸಂಖ್ಯೆ ಇರುತ್ತದೆ. ಅದು ಆ ಕಮಾಂಡ್ ಕೊಟ್ಟ ಸಮಯ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಸಾಲು ತೆಗೆಯುವಾಗ ಅದರ ಮೇಲಿನ ಆ ಸಂಖ್ಯೆಯನ್ನೂ ತೆಗೆಯಿರಿ. ಕೊನೆಗೆ ಕಂಟ್ರೋಲ್ ಮತ್ತು ಓ, ಎಂಟರ್ ಒತ್ತಿ ಸೇವ್ ಮಾಡಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಹೊರಗೆ ಬನ್ನಿ.

ಈಗ ಫೈಲ್ ಚೊಕ್ಕಟ. ಆದರೆ ಈ ವಿಂಡೋ ತೆರೆದಾಗಲೇ ಹಳೇ ಫೈಲ್ ಓದಿ ಮೆಮೊರಿಯಲ್ಲಿ ಇಟ್ಟುಕೊಂಡಿದೆ ಅಲ್ವಾ? ಅದಕ್ಕೆ ಕೂಡಲೇ ಇದನ್ನು ಕೊಡಿ:

`ಹಿಸ್ಟರಿ -ಸಿ; ಹಿಸ್ಟರಿ -ಆರ್`

ಮೆಮೊರಿ ಖಾಲಿ ಮಾಡಿ, ಚೊಕ್ಕಟ ಆದ ಫೈಲನ್ನು ಮತ್ತೆ ಓದಿಕೊಳ್ಳುತ್ತದೆ. ಇಲ್ಲಿ -ಡಬ್ಲ್ಯೂ ಕೊಡಬೇಡಿ, -ಸಿ ಆದ ಮೇಲೆ ಅದನ್ನು ಕೊಟ್ಟರೆ ಇಡೀ ಫೈಲ್ ಖಾಲಿ.

ಹುಡುಕುವಾಗ ಜನ ಮಾಡುವ ತಪ್ಪೊಂದನ್ನು ಹೇಳಲೇಬೇಕು. ಫೈಲ್‌ನಲ್ಲಿ ಪದ ಹುಡುಕುವ ಕಮಾಂಡ್ `ಗ್ರೆಪ್` ಕೊಟ್ಟು ಮುಂದೆ ಪಾಸ್‌ವರ್ಡನ್ನೇ ಟೈಪ್ ಮಾಡಿ ಹುಡುಕುತ್ತಾರೆ. ಆ ಗ್ರೆಪ್ ಸಾಲೂ ಹಿಸ್ಟರಿಗೆ ಹೋಗುತ್ತದೆ! ಒಂದನ್ನು ತೆಗೆಯಲು ಹೋಗಿ ಎರಡು ಮಾಡಿದಂತಾಯಿತು. ಟರ್ಮಿನಲ್‌ನಲ್ಲಿ ಹುಡುಕಲೇಬೇಕಾದರೆ ಪಾಸ್‌ವರ್ಡ್ ಬದಲು ಅದರ ಪಕ್ಕ ಇರುವ ಪದ ಹುಡುಕಿ, ಅಂದರೆ ಸರ್ವರ್ ಹೆಸರು, ಮೈಎಸ್‌ಕ್ಯೂಎಲ್, ಕರ್ಲ್ ಇಂಥವು.

ಝಡ್‌ಶೆಲ್ ಮತ್ತು ಮ್ಯಾಕ್

ಝಡ್‌ಶೆಲ್‌ನಲ್ಲಿ 'ಹಿಸ್ಟರಿ -ಸಿ' ನಡೆಯುವುದಿಲ್ಲ, ತಪ್ಪು ಆಯ್ಕೆ ಅಂತ ಬೈಯುತ್ತದೆ. ಬ್ಯಾಷ್‌ಗೆ ಬರೆದ ಸಲಹೆಯನ್ನು ಮ್ಯಾಕ್‌ನಲ್ಲಿ ಹಾಕಿ ಕೆಲಸ ಮಾಡ್ತಿಲ್ಲ ಅಂತ ಕೇಳುವವರು ತುಂಬಾ ಜನ. ಇಲ್ಲಿ ದಾರಿ ಬೇರೆ. ಎಲ್ಲಾ ವಿಂಡೋ ಮುಚ್ಚಿ ಒಂದೇ ತೆರೆದು, ಈ ಎರಡು ಸಾಲು ಇದೇ ಕ್ರಮದಲ್ಲಿ ಕೊಡಿ:

`ಅನ್‌ಸೆಟ್ ಹಿಸ್ಟ್‌ಫೈಲ್`
`ಆರ್‌ಎಂ ~/.ಝಡ್‌ಎಸ್‌ಎಚ್_ಹಿಸ್ಟರಿ`

ಮೊದಲ ಸಾಲಿನ 'ಹಿಸ್ಟ್‌ಫೈಲ್' ಒಂದೇ ಪದ, ಎಂಟು ಅಕ್ಷರವೂ ದೊಡ್ಡದು. ಅದು 'ನಿನ್ನ ಖಾತೆ ಪುಸ್ತಕ ಯಾವುದು ಅನ್ನುವುದನ್ನೇ ಮರೆ' ಅಂತ ಶೆಲ್‌ಗೆ ಹೇಳಿದ ಹಾಗೆ. ಆಮೇಲೆ ಫೈಲ್ ಡಿಲೀಟ್ ಮಾಡಿದರೆ, ವಿಂಡೋ ಮುಚ್ಚುವಾಗ ಎಲ್ಲಿ ಬರೆಯಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಕ್ರಮ ತಿರುಗಿಸಬೇಡಿ. ಝಡ್‌ಶೆಲ್ ಅನ್ನು ಕೆಲವರು ಪ್ರತಿ ಕಮಾಂಡ್ ಆಗಿಂದಾಗ ಫೈಲ್‌ಗೆ ಬರೆಯುವ ಹಾಗೆ ಇಟ್ಟುಕೊಂಡಿರುತ್ತಾರೆ, ಅಂಥ ಕಡೆ ಮೊದಲು ಡಿಲೀಟ್ ಮಾಡಿದರೆ ಮುಂದಿನ ಕಮಾಂಡ್‌ಗೇ ಫೈಲ್ ಮತ್ತೆ ಹುಟ್ಟುತ್ತದೆ. ಇದೇ ಉಪಾಯ ಬ್ಯಾಷ್‌ನಲ್ಲೂ ನಡೆಯುತ್ತದೆ, ಫೈಲ್ ಹೆಸರು ಮಾತ್ರ ಬದಲು.

ಮ್ಯಾಕ್‌ನ ಟರ್ಮಿನಲ್ ಆ್ಯಪ್‌ನಲ್ಲಿ ಇನ್ನೊಂದು ಕಡೆಯೂ ನೋಡಬೇಕು. ಅದು ಪ್ರತಿ ವಿಂಡೋದ ಹಿಸ್ಟರಿಯನ್ನು `~/.ಝಡ್‌ಎಸ್‌ಎಚ್_ಸೆಷನ್ಸ್` ಅನ್ನುವ ಫೋಲ್ಡರ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಹಿಸ್ಟರಿ ಫೈಲ್ ಅಳಿಸಿದರೂ ಹಳೇ ವಿಂಡೋ ಮರಳಿ ತೆರೆದಾಗ ಕಮಾಂಡ್‌ಗಳು ಕಾಣಿಸುವುದು ಇದರಿಂದ. `ಆರ್‌ಎಂ -ಆರ್ ~/.ಝಡ್‌ಎಸ್‌ಎಚ್_ಸೆಷನ್ಸ್` ಕೊಟ್ಟು ಅದನ್ನೂ ತೆಗೆಯಿರಿ. ಟೈಪ್ ಮಾಡಿದ ಸಾಲನ್ನು ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ಓದಿ. ~/ ಆದ ಮೇಲೆ ಎಲ್ಲಾದರೂ ಜಾಗ ಬಿಟ್ಟರೆ ಇಡೀ ಹೋಮ್ ಫೋಲ್ಡರ್ ಹೋಗುತ್ತದೆ. ನನಗೆ ಈ ಭಯ ಇರುವುದರಿಂದ ನಾನು ಫೋಲ್ಡರನ್ನು ಫೈಂಡರ್‌ನಲ್ಲಿ ತೆರೆದು ಕೈಯಲ್ಲೇ ಅಳಿಸುತ್ತೇನೆ. ಕಮಾಂಡ್, ಶಿಫ್ಟ್ ಜೊತೆ ಚುಕ್ಕೆ ಒತ್ತಿದರೆ ಅಡಗಿದ ಫೈಲ್‌ಗಳು ಕಾಣುತ್ತವೆ. ಆಮೇಲೆ ಟ್ರ್ಯಾಶ್ ಖಾಲಿ ಮಾಡುವುದು ಮರೆಯಬೇಡಿ.

ಒಂದೇ ಸಾಲು ತೆಗೆಯಲು ಇಲ್ಲೂ ನ್ಯಾನೋನೇ. ಫೈಲ್ ಸರಿಪಡಿಸಿ, 'ಅನ್‌ಸೆಟ್' ಸಾಲು ಕೊಟ್ಟು ವಿಂಡೋ ಮುಚ್ಚಿ.

ಫಿಶ್

ಫಿಶ್ ಬಳಸುವವರಿಗೆ ಕಷ್ಟವೇ ಇಲ್ಲ. `ಹಿಸ್ಟರಿ ಕ್ಲಿಯರ್` ಕೊಡಿ, ಖಾತ್ರಿಯಾ ಅಂತ ಕೇಳುತ್ತದೆ, 'ಯೆಸ್' ಅಂತ ಪೂರ್ತಿ ಟೈಪ್ ಮಾಡಿ. ಒಂದು ಸಾಲಿಗಾದರೆ `ಹಿಸ್ಟರಿ ಡಿಲೀಟ್` ಕೊಟ್ಟು ಮುಂದೆ ಆ ಕಮಾಂಡ್‌ನ ಒಂದು ತುಂಡು ಬರೆಯಿರಿ, ಹೊಂದುವ ಸಾಲುಗಳನ್ನು ತೋರಿಸಿ ಯಾವುದು ಅಂತ ಕೇಳುತ್ತದೆ. ಬೇರೆ ಶೆಲ್‌ಗಳೂ ಇದನ್ನು ಕಲಿಯಬೇಕು.

ವಿಂಡೋಸ್

ಹಳೇ ಕಮಾಂಡ್ ಪ್ರಾಂಪ್ಟ್, ಅದೇ ಸಿಎಂಡಿ, ಹಿಸ್ಟರಿಯನ್ನು ಫೈಲ್‌ನಲ್ಲಿ ಇಡುವುದೇ ಇಲ್ಲ. ವಿಂಡೋ ಮುಚ್ಚಿದರೆ ಮುಗಿಯಿತು.

ಪವರ್‌ಶೆಲ್ ಹಾಗಲ್ಲ, ಅಲ್ಲೇ ಜನ ಜಾಸ್ತಿ ಮೋಸ ಹೋಗುವುದು. `ಕ್ಲಿಯರ್-ಹಿಸ್ಟರಿ` ಅನ್ನುವ ಕಮಾಂಡ್ ಇದೆ, ಕೊಟ್ಟರೆ ಏನೂ ತಕರಾರಿಲ್ಲದೆ ನಡೆಯುತ್ತದೆ. ಆದರೆ ಮೇಲಿನ ಬಾಣ ಒತ್ತಿ ನೋಡಿ, ಎಲ್ಲ ಅಲ್ಲೇ ಇರುತ್ತದೆ. ಪವರ್‌ಶೆಲ್‌ಗೆ ತನ್ನದೇ ಒಂದು ಹಿಸ್ಟರಿ, ಅದರ ಜೊತೆ ಬರುವ ಪಿಎಸ್‌ರೀಡ್‌ಲೈನ್ ಅನ್ನುವ ಭಾಗಕ್ಕೆ ಇನ್ನೊಂದು ಹಿಸ್ಟರಿ. ಬಾಣದ ಕೀ ತೋರಿಸುವುದು ಎರಡನೆಯದನ್ನು. ಅದು ಪ್ರತಿ ಕಮಾಂಡನ್ನೂ ಆಗಿಂದಾಗಲೇ ಫೈಲ್‌ಗೆ ಬರೆಯುತ್ತದೆ, ವಿಂಡೋ ಮುಚ್ಚುವವರೆಗೂ ಕಾಯುವುದಿಲ್ಲ. ಫೈಲ್ ಎಲ್ಲಿದೆ ಅಂತ ನೋಡಲು:

`(ಗೆಟ್-ಪಿಎಸ್‌ರೀಡ್‌ಲೈನ್‌ಆಪ್ಷನ್).ಹಿಸ್ಟರಿಸೇವ್‌ಪಾತ್`

ಅದು ತೋರಿಸಿದ ಜಾಗದಲ್ಲಿ ಕನ್ಸೋಲ್‌ಹೋಸ್ಟ್_ಹಿಸ್ಟರಿ ಅನ್ನುವ ಟೆಕ್ಸ್ಟ್ ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಬೇಡದ ಸಾಲು ತೆಗೆದು ಸೇವ್ ಮಾಡಿ. ಪೂರ್ತಿ ಬೇಡವೆಂದರೆ ಮೇಲಿನ ಕಮಾಂಡ್‌ನ ಶುರುವಿಗೆ `ರಿಮೂವ್-ಐಟಂ` ಸೇರಿಸಿ, ನಡುವೆ ಒಂದು ಸ್ಪೇಸ್ ಬಿಟ್ಟು, ಓಡಿಸಿ. ಮೆಮೊರಿಯಲ್ಲಿ ಉಳಿದದ್ದಕ್ಕೆ ಆಲ್ಟ್ ಮತ್ತು ಎಫ್7 ಒತ್ತಿ, ಇಲ್ಲವಾದರೆ ತೆರೆದಿರುವ ಎಲ್ಲಾ ಪವರ್‌ಶೆಲ್ ವಿಂಡೋ ಮುಚ್ಚಿಬಿಡಿ. ಪಿಎಸ್‌ರೀಡ್‌ಲೈನ್‌ನ ಹೊಸ ಆವೃತ್ತಿಗಳು ಪಾಸ್‌ವರ್ಡ್, ಟೋಕನ್, ಸೀಕ್ರೆಟ್ ಇಂಥ ಪದ ಇರುವ ಸಾಲುಗಳನ್ನು ಫೈಲ್‌ಗೆ ಬರೆಯದೆ ಬಿಡುತ್ತವೆ. ಒಳ್ಳೆಯ ಏರ್ಪಾಡು. ಆದರೆ ನಿಮ್ಮ ಪಾಸ್‌ವರ್ಡ್ ಒಂಟಿಯಾಗಿ ಪ್ರಾಂಪ್ಟ್ ಮುಂದೆ ಬಿದ್ದರೆ ಅದು ಪಾಸ್‌ವರ್ಡ್ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಮುಂದೆ ಹಿಸ್ಟರಿಗೆ ಹೋಗದ ಹಾಗೆ

ಕಮಾಂಡ್‌ನ ಶುರುವಿನಲ್ಲೇ ಒಂದು ಸ್ಪೇಸ್ ಬಿಟ್ಟು ಟೈಪ್ ಮಾಡಿದರೆ ಅದು ಹಿಸ್ಟರಿಗೆ ಹೋಗುವುದಿಲ್ಲ ಅಂತ ಹೇಳುವುದನ್ನು ಕೇಳಿರುತ್ತೀರಿ. ನಿಜ, ಆದರೆ ಎಲ್ಲ ಕಡೆ ಅಲ್ಲ. ಉಬುಂಟುವಿನಲ್ಲಿ ನಡೆಯುತ್ತದೆ. ಫಿಶ್‌ನಲ್ಲೂ ನಡೆಯುತ್ತದೆ. ಫೆಡೋರಾ, ರೆಡ್‌ಹ್ಯಾಟ್‌ನಲ್ಲಿ ಸಾಮಾನ್ಯವಾಗಿ ಬರುವ ಸೆಟ್ಟಿಂಗ್ ಮರುಕಳಿಸಿದ ಸಾಲನ್ನು ಮಾತ್ರ ಬಿಡುತ್ತದೆ, ಸ್ಪೇಸ್ ನೋಡುವುದಿಲ್ಲ. ಹೊಸ ಸರ್ವರ್‌ನಲ್ಲಿ ನಂಬುವ ಮೊದಲು `ಎಕೋ $ಹಿಸ್ಟ್‌ಕಂಟ್ರೋಲ್` ಕೊಟ್ಟು ನೋಡಿ, ಡಾಲರ್ ಆದ ಮೇಲಿನ ಹನ್ನೊಂದೂ ದೊಡ್ಡ ಅಕ್ಷರ. 'ಇಗ್ನೋರ್‌ಸ್ಪೇಸ್' ಅಥವಾ 'ಇಗ್ನೋರ್‌ಬೋತ್' ಅಂತ ಬಂದರೆ ಸರಿ. ಬರದಿದ್ದರೆ `~/.ಬ್ಯಾಷ್‌ಆರ್‌ಸಿ` ಫೈಲ್‌ನ ಕೊನೆಗೆ `ಹಿಸ್ಟ್‌ಕಂಟ್ರೋಲ್=ಇಗ್ನೋರ್‌ಬೋತ್` ಸೇರಿಸಿ. ಝಡ್‌ಶೆಲ್‌ನಲ್ಲಾದರೆ `~/.ಝಡ್‌ಎಸ್‌ಎಚ್‌ಆರ್‌ಸಿ` ಫೈಲ್‌ನಲ್ಲಿ `ಸೆಟ್‌ಆಪ್ಟ್ ಹಿಸ್ಟ್_ಇಗ್ನೋರ್_ಸ್ಪೇಸ್`. ಅಲ್ಲಿ ಆ ಸಾಲು ಮುಂದಿನ ಕಮಾಂಡ್ ಕೊಡುವವರೆಗೆ ಮೇಲಿನ ಬಾಣಕ್ಕೆ ಸಿಗುತ್ತದೆ, ಆಮೇಲೆ ಮಾಯ.

ಇದಕ್ಕಿಂತ ಒಳ್ಳೆಯದು ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಬರೆಯದೇ ಇರುವುದು. ಆ ಸಾಲು ಓಡುತ್ತಿರುವಷ್ಟು ಹೊತ್ತು ಅದೇ ಕಂಪ್ಯೂಟರ್‌ನಲ್ಲಿರುವ ಬೇರೆ ಬಳಕೆದಾರರು 'ಪಿಎಸ್' (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ಹೆಚ್ಚಿನ ಲಿನಕ್ಸ್‌ಗಳಲ್ಲಿ ಅವರಿಗೂ ಕಾಣುತ್ತದೆ, ಹಿಸ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಮೈಎಸ್‌ಕ್ಯೂಎಲ್‌ಗೆ `-ಪಿ` ಅಷ್ಟೇ ಕೊಟ್ಟು ಎಂಟರ್ ಒತ್ತಿ, ಅದೇ ಕೇಳುತ್ತದೆ, ಆಗ ಟೈಪ್ ಮಾಡಿದ್ದು ಪರದೆಯಲ್ಲೂ ಕಾಣುವುದಿಲ್ಲ. ಟೋಕನ್ ಬೇಕಾದರೆ ಬ್ಯಾಷ್‌ನಲ್ಲಿ `ರೀಡ್ -ಎಸ್ ಟೋಕನ್` ಕೊಟ್ಟು, ಎಂಟರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ ಮತ್ತೆ ಎಂಟರ್ ಒತ್ತಿ. ಕಮಾಂಡ್‌ನಲ್ಲಿ ಅದರ ಜಾಗಕ್ಕೆ `$ಟೋಕನ್` ಬರೆಯಿರಿ, ಹಿಸ್ಟರಿಯಲ್ಲಿ ಉಳಿಯುವುದು ಆ ಹೆಸರು ಮಾತ್ರ.

ಕೊನೆಗೆ, ಶೆಲ್ ಒಳಗಿಂದ ತೆರೆಯುವ ಪ್ರೋಗ್ರಾಂಗಳದು. ಅವು ತಮ್ಮದೇ ಹಿಸ್ಟರಿ ಇಟ್ಟುಕೊಳ್ಳುತ್ತವೆ, ಶೆಲ್‌ನದು ಅಳಿಸಿದರೆ ಇವು ಹೋಗುವುದಿಲ್ಲ. ಹೋಮ್ ಫೋಲ್ಡರ್‌ನಲ್ಲಿ `ಎಲ್ಎಸ್ -ಎ` ಕೊಟ್ಟು ನೋಡಿ. ಮೈಎಸ್‌ಕ್ಯೂಎಲ್_ಹಿಸ್ಟರಿ, ಪಿಎಸ್‌ಕ್ಯೂಎಲ್_ಹಿಸ್ಟರಿ, ಪೈಥಾನ್_ಹಿಸ್ಟರಿ, ಎಲ್ಲದರ ಹೆಸರಿನ ಶುರುವಿಗೆ ಒಂದು ಚುಕ್ಕೆ. ವಿಮ್ ಅನ್ನುವ ಎಡಿಟರ್ ಬಳಸುವವರಿಗೆ ಚುಕ್ಕೆಯಿಂದಲೇ ಶುರುವಾಗುವ ವಿಮ್‌ಇನ್ಫೋ ಕೂಡ, ಅದರಲ್ಲಿ ನೀವು ಹುಡುಕಿದ ಪದ, ಕತ್ತರಿಸಿದ ಸಾಲು ಎಲ್ಲ ಇರುತ್ತದೆ. ಅದಕ್ಕೇ ಮೇಲೆ ನ್ಯಾನೋ ಹೇಳಿದ್ದು. ವಿಮ್‌ನಲ್ಲಿ ಪಾಸ್‌ವರ್ಡ್ ಸಾಲು ತೆಗೆದರೆ ಆ ಸಾಲು ವಿಮ್‌ಇನ್ಫೋಗೆ ಹೋಗಿ ಕೂರಬಹುದು. ಪ್ರತಿಯೊಂದನ್ನೂ ಒಮ್ಮೆ ತೆರೆದು ಕಣ್ಣಾಡಿಸಿ, ಬೇಡದ ಸಾಲು ಸಿಕ್ಕಿದರೆ ಆ ಪ್ರೋಗ್ರಾಂ ಮುಚ್ಚಿರುವಾಗ ತೆಗೆಯಿರಿ.